ಬೇಡವೆಂದವಳು ಮೊದಲು ಎದ್ದಳು

ಸಂಸತ್ತಿನಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದು ಟೈಲರಮ್ಮ ಎಂದೇ. ಗೆದ್ದು ಬರುವ ಮೊದಲು ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದಳು. ಬಂದ ಮೇಲೂ ಅವಳ ಕೈಚೀಲಕ್ಕೆ ಸೂಜಿದಾರ ತಪ್ಪಲಿಲ್ಲ. ಮಂತ್ರಿಗಳ ಕೋಟಿನ ಗುಂಡಿ ಕಿತ್ತುಹೋದರೂ ಅವಳೇ ಗತಿ. ಗುಂಡಿ ಹಾಕಿಸಿಕೊಂಡವರು ಬಾಯ್ತುಂಬ ಹೊಗಳುತ್ತಿದ್ದರು, ಊಟಕ್ಕೆ ಮಾತ್ರ ತಮ್ಮ ಮೇಜಿಗೆ ಕರೆಯುತ್ತಿರಲಿಲ್ಲ.

ಅವಳ ಭಾಷೆಯ ಜನ ಆ ದೇಶದಲ್ಲಿ ಹಿಡಿಯಷ್ಟು. ಅವರ ಕಡೆಯಿಂದ ಸಂಸತ್ತಿಗೆ ಬಂದವರು ಎಂಟೇ ಮಂದಿ. ಬಿಡಿಬಿಡಿಯಾಗಿ ಮಾತಾಡಿದರೆ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಎಂಟೂ ಮತ ಒಂದಾದರೆ ಸರ್ಕಾರವೇ ಬಂದು ಬಾಗಿಲು ತಟ್ಟುತ್ತದೆ. ಆದ್ದರಿಂದ ಪ್ರತಿ ಮತದಾನಕ್ಕೂ ಮೊದಲು ಕ್ಯಾಂಟೀನಿನ ಹಿಂದಿನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕಿತ್ತಾಡುತ್ತಿದ್ದರು, ಹೊರಗೆ ಒಂದೇ ಮಾತು. ಸಭೆಯಲ್ಲಿ ಮತ ಹಾಕುವುದೆಂದರೆ ಎದ್ದು ನಿಲ್ಲುವುದು. ಒಮ್ಮೆ ಒಬ್ಬರು ಮುಖ ಊದಿಸಿಕೊಂಡು ತಡವಾಗಿ ಎದ್ದರು. ಇವರನ್ನು ಒಡೆಯಬಹುದು ಎಂಬ ವಾಸನೆ ಸರ್ಕಾರದ ಮೂಗಿಗೆ ಬಡಿಯಿತು. ಆಗ ಗುಂಪಿನ ಹಿರಿಯರಾದ ಮೇಷ್ಟ್ರು ಒಂದು ಕಟ್ಟಳೆ ಮಾಡಿದರು: ಕೋಣೆಯಲ್ಲಿ ಬೇಡವೆಂದು ಸೋತವರೇ ಸಭೆಯಲ್ಲಿ ಮೊದಲು ಎದ್ದು ನಿಲ್ಲಬೇಕು, ಬೇಡವೆಂದಿದ್ದೆವೆಂದು ಹೊರಗೆ ತುಟಿ ಬಿಚ್ಚಬಾರದು. ಕೇಳುವುದಕ್ಕೇನೋ ಚೆನ್ನಾಗಿದೆ. ಸೋತವರ ಹೊಟ್ಟೆಯೊಳಗೆ ಏನಾಗುತ್ತದೆಂದು ಮೇಷ್ಟ್ರು ಯೋಚಿಸಿದಂತಿಲ್ಲ.

ಆ ವರ್ಷ ಸರ್ಕಾರ ಸಣ್ಣ ಊರುಗಳ ಹೆರಿಗೆ ವಾರ್ಡುಗಳನ್ನು ಮುಚ್ಚುವ ಮಸೂದೆ ತಂದಿತು. ಎಂಟು ಮತ ಕೊಟ್ಟರೆ ಶಾಲೆಯಲ್ಲಿ ನಿಮ್ಮ ಮಕ್ಕಳಿಗೆ ನಿಮ್ಮ ಭಾಷೆಯಲ್ಲೇ ಪಾಠ ಎಂದು ಮಾತು ಕೊಟ್ಟಿತು. ಮುಚ್ಚುವ ವಾರ್ಡುಗಳಲ್ಲಿ ಟೈಲರಮ್ಮನ ಊರಿನದೂ ಒಂದು. ಅಲ್ಲಿ ಅವಳ ಅಕ್ಕ ಆಯಾ ಆಗಿದ್ದಳು. ತಾಯಿ ತೀರಿಕೊಂಡ ಮೇಲೆ ಆ ಕೆಲಸ ಹಿಡಿದೇ ತಂಗಿಯನ್ನು ಸಾಕಿದವಳು, ಹೊಲಿಗೆ ಮಿಷನ್ ಕೊಡಿಸಿದವಳು.

"ಆಗಲ್ಲ ಮೇಷ್ಟ್ರೇ," ಎಂದಳು ಟೈಲರಮ್ಮ ಕೋಣೆಯಲ್ಲಿ. "ಬೆಟ್ಟ ದಾಟಿ ದೊಡ್ಡಾಸ್ಪತ್ರೆಗೆ ಹೋಗೋಷ್ಟರಲ್ಲಿ ಬಸುರಿ ಗತಿ ಏನು? ಪಾಠ ಕಲಿಯೋಕೆ ಮೊದಲು ಮಗು ಹುಟ್ಟಬೇಕಲ್ವಾ?"

"ನೀನು ಹೇಳೋದು ಸರಿನೇ ಕಣಮ್ಮ. ಆದ್ರೆ ಭಾಷೆಗೋಸ್ಕರ ನಮ್ಮಪ್ಪನ ಕಾಲದಿಂದ ಬಾಯಿ ಬಡ್ಕೊಂಡಿದೀವಿ. ಈಗ ಕೈ ಬಿಟ್ರೆ ಮತ್ತೆ ಸಿಗಲ್ಲ," ಎಂದರು ಮೇಷ್ಟ್ರು.

ಉಳಿದ ಆರೂ ಜನ ಅವಳ ಮುಖಕ್ಕೆ ಮುಖ ಕೊಡದೆ ಮೇಷ್ಟ್ರ ಪರ ಕೈ ಎತ್ತಿದರು.

ಸಭೆಯಲ್ಲಿ ಸರ್ಕಾರದ ಕಡೆಯವರು ಎದ್ದಾಗಿತ್ತು. ಎಲ್ಲರ ಕಣ್ಣೂ, ಟೀವಿ ಕ್ಯಾಮೆರಾ ಕೂಡ, ಈ ಎಂಟು ಜನರ ಸಾಲಿನ ಮೇಲೆ. ಟೈಲರಮ್ಮ ಕೈಚೀಲವನ್ನು ಪಕ್ಕಕ್ಕಿಟ್ಟಳು. ಎದ್ದಳು. ಅವಳು ನಿಂತ ಮೇಲೆಯೇ ಉಳಿದವರು ಒಬ್ಬೊಬ್ಬರಾಗಿ ಎದ್ದರು. ಮಸೂದೆ ಪಾಸಾಯಿತು. ಮಂತ್ರಿಗಳು ಓಡಿಬಂದು ಅವಳ ಕೈ ಕುಲುಕಿದರು. ಅಂದು ಊಟಕ್ಕೂ ಕರೆದರು. ಅವಳು ಹಸಿವಿಲ್ಲವೆಂದು ಹೇಳಿ ಖಾಲಿ ಕಾರಿಡಾರಿನ ಬೆಂಚಿನ ಮೇಲೆ ಒಬ್ಬಳೇ ಕೂತು ಅತ್ತಳು.

ಸಂಸತ್ತಿಗೆ ರಜೆ ಬಿದ್ದ ಕೂಡಲೇ ಊರಿಗೆ ಹೋದಳು. ಅಕ್ಕ ಊಟಕ್ಕೆ ಬಡಿಸಿದಳು, ತಾನು ಕೂರಲಿಲ್ಲ.

"ಟೀವೀಲಿ ನೋಡ್ದೆ. ಎಲ್ಲರಿಗಿಂತ ಮೊದಲು ನೀನೇ ಎದ್ದೆ."

ಅಕ್ಕ ಸಾರಿನ ಪಾತ್ರೆ ಕೆಳಗಿಟ್ಟಳು.

"ಊರವರೆಲ್ಲ ನನ್ನ ಮುಂದೇನೇ ನಿನ್ನ ಬೈದ್ರು. ಅವಳು ಅಂಥವಳಲ್ಲ, ಏನೋ ಇರುತ್ತೆ ಅಂತ ಅಂದೆ ಕಣೇ ನಾನು. ಒಳಗೆ ಒಂದ್ಸಲನಾದ್ರೂ ಬೇಡ ಅಂದ್ಯಾ? ಅಷ್ಟು ಹೇಳು. ನಂಬ್ತೀನಿ."

ಹೌದು ಎಂದುಬಿಟ್ಟರೆ ಮುಗಿಯುತ್ತಿತ್ತು. ಆದರೆ ಅಕ್ಕ ಸುಮ್ಮನಿರುವವಳಲ್ಲ. ತಂಗಿಯ ಮಾನ ಉಳಿಸಲು ಬೀದಿಗೆಲ್ಲ ಸಾರುತ್ತಿದ್ದಳು. ಭಾಷೆಯ ಮಾತು ಇನ್ನೂ ಕಾನೂನಾಗಿರಲಿಲ್ಲ. ಎಂಟರಲ್ಲಿ ಬಿರುಕಿದೆ ಎಂದು ಗೊತ್ತಾದರೆ ಸರ್ಕಾರ ಕೊಟ್ಟ ಮಾತನ್ನು ಗಾಳಿಗೆ ತೂರುತ್ತಿತ್ತು. ವಾರ್ಡೂ ಇಲ್ಲ, ಭಾಷೆಯೂ ಇಲ್ಲ ಎಂದಾಗುತ್ತಿತ್ತು.

"ನಾವೆಲ್ಲ ಸೇರಿ ಮಾಡಿದ ತೀರ್ಮಾನ ಅಕ್ಕ," ಎಂದಳು.

ಅಕ್ಕ ಅನ್ನದ ಪಾತ್ರೆಗೆ ಮುಚ್ಚಳ ಹಾಕಿದಳು.

"ಮಧ್ಯಾಹ್ನದ ಬಸ್ಸು ಇನ್ನೂ ಹೋಗಿಲ್ಲ," ಎಂದಳು. "ಈಗ ಹೊರಟ್ರೆ ಸಿಗುತ್ತೆ."

ರಜೆ ಮುಗಿಯುವವರೆಗೂ ಇರೋಣವೆಂದು ಟೈಲರಮ್ಮ ಬಟ್ಟೆಬರೆ ತಂದಿದ್ದಳು. ತಟ್ಟೆ ತೊಳೆದಿಟ್ಟು, ಬಿಚ್ಚದ ಚೀಲವನ್ನು ಎತ್ತಿಕೊಂಡು ಹೊರಟಳು. ಅಕ್ಕ ಬಾಗಿಲ ತನಕ ಬರಲಿಲ್ಲ.