ಹಳದಿ ಚೌಕದ ಕೆಳಗಿನ ಹೆಸರು

ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು ಅಂತ ಹೇಳಿ ಜಾರಿಕೊಳ್ಳುವ ಪೈಕಿ ನಾನಲ್ಲ. ನೀವು ನಂಬಲೇಬೇಕು. ಇದನ್ನು ನಂಬಬೇಕಾಗಿದ್ದ ಒಬ್ಬಾಕೆ ನಂಬಲಿಲ್ಲ... ಆ ಸಂಕಟ ತಡೆಯಲಾರದೆ ಬರೆಯುತ್ತಿದ್ದೇನೆ.

ಬಳ್ಳಾರಿಯ ಒಂದು ಕಾಲೇಜಿನ ಆಫೀಸಿನಲ್ಲಿ ನಾನು ಗುಮಾಸ್ತ. ಮನೆಯಲ್ಲಿ ಏಕಾದಶಿ, ಶ್ರಾದ್ಧ, ಮಡಿ ಎಲ್ಲ ಉಂಟು. ಆದರೆ ದೆವ್ವ ಭೂತದ ಮಾತೆತ್ತಿದರೆ ನನಗೆ ಮೈ ಉರಿಯುತ್ತಿತ್ತು. ನಮ್ಮ ಮಾವ ಕಣ್ಣಾರೆ ನೋಡಿದ್ದಾನೆ ಎಂದು ಯಾರಾದರೂ ಶುರು ಮಾಡಿದರೆ, ನಿಮ್ಮ ಮಾವ ಆವತ್ತು ಎಷ್ಟು ಏರಿಸಿದ್ದ ಎಂದು ಕೇಳಿ ಬಾಯಿ ಮುಚ್ಚಿಸುತ್ತಿದ್ದೆ.

ನನಗಿದ್ದದ್ದು ಒಂದೇ ಹುಚ್ಚು, ಕ್ಯಾಮೆರಾ. ಅಂಗೈಯಗಲದ ಮಿರರ್‌ಲೆಸ್ ಕ್ಯಾಮೆರಾ, ಅದಕ್ಕೊಂದು ಪುಟ್ಟ ಲೆನ್ಸು. ಊಟದ ಡಬ್ಬಿಯ ಚೀಲದಲ್ಲೇ ಕೂರುತ್ತದೆ. ಫೋನಿನಲ್ಲೇ ಫೋಟೋ ಬರುವಾಗ ಇದ್ಯಾಕೆ ಎಂದು ಹೆಂಡತಿ ಒಂದು ವಾರ ಮಾತು ಬಿಟ್ಟಿದ್ದಳು. ಬಿಡಲಿ ಬಿಡಿ. ಕೋಟೆ ಗುಡ್ಡದ ಬಂಡೆಗಳ ಮೇಲೆ ಬೀಳುವ ಬೆಳಗಿನ ಬಿಸಿಲು, ಸ್ಕೂಟರಿನ ಮೇಲೆ ಆಳೆತ್ತರ ಜೀನ್ಸ್ ಪ್ಯಾಂಟು ಹೇರಿಕೊಂಡು ಹೋಗುವವನು, ರೂಪನಗುಡಿ ದಾರಿಯಲ್ಲಿ ಒಣಗಲು ಹರವಿದ ಮೆಣಸಿನಕಾಯಿ... ಕಂಡದ್ದೆಲ್ಲ ತೆಗೆಯುತ್ತಿದ್ದೆ. ಆಫೀಸಿನಲ್ಲಿ ನನ್ನ ಹೆಸರೇ ಫೋಟೋ ಸರ್ ಎಂದಾಗಿತ್ತು.

ಆ ಹೆಸರಿಟ್ಟವಳು ನಮ್ಮ ಅಟೆಂಡರ್ ಈರಮ್ಮ. ಸಿರುಗುಪ್ಪ ಕಡೆಯ ಕರೂರಿನವಳು, ಗಂಡ ತೀರಿಕೊಂಡು ಬಹಳ ವರ್ಷವಾಗಿದೆ. ವಾರವೆಲ್ಲ ಬಳ್ಳಾರಿಯಲ್ಲಿ ಬಾಡಿಗೆ ಕೋಣೆ, ಶನಿವಾರ ಸಂಜೆ ಊರ ಬಸ್ಸು. ಊರಿನಲ್ಲಿ ಒಬ್ಬಳೇ ಮಗಳು ರೇಣುಕಾ, ದಿನಾ ಬಸ್ಸಿನಲ್ಲಿ ಸಿರುಗುಪ್ಪಕ್ಕೆ ಹೋಗಿ ಬಿ.ಕಾಂ. ಓದುತ್ತಿದ್ದಳು. ಈರಮ್ಮ ದುಡಿಯುತ್ತಿದ್ದದ್ದು, ಉಣ್ಣುತ್ತಿದ್ದದ್ದು, ಉಸಿರಾಡುತ್ತಿದ್ದದ್ದು ಆ ಮಗಳಿಗಾಗಿ.

ಒಂದು ಭಾನುವಾರ ಆಫೀಸಿನವರೆಲ್ಲ ಕುರುಗೋಡಿನ ಬಸವೇಶ್ವರನ ಗುಡಿಗೆ ಹೋದೆವು. ರೇಣುಕಾಳೂ ಬಂದಿದ್ದಳು. ಮಹಾ ಚುರುಕು ಹುಡುಗಿ, ಒಂದು ಗಳಿಗೆ ಸುಮ್ಮನೆ ನಿಲ್ಲುವವಳಲ್ಲ. ದೊಡ್ಡ ಕಲ್ಲು ಬಸವಣ್ಣನ ಪಕ್ಕ ಅವಳನ್ನು ನಿಲ್ಲಿಸಿ ಹತ್ತಿಪ್ಪತ್ತು ಫೋಟೋ ತೆಗೆದೆ. ಫೋಟೋ ಸರ್ ಇದ್ದಾರಲ್ಲ ಎಂದು ಉಳಿದವರು ಯಾರೂ ಆವತ್ತು ಫೋನು ಹೊರಗೆ ತೆಗೆಯಲೇ ಇಲ್ಲ.

ನನ್ನ ಕ್ಯಾಮೆರಾ ಮುಖದ ಗುರುತು ಹಿಡಿಯುತ್ತದೆ ಎಂದು ಜಂಬ ಕೊಚ್ಚಿದೆ. ಯಾರದಾದರೂ ಮುಖವನ್ನು ಅದಕ್ಕೊಮ್ಮೆ ಪರಿಚಯ ಮಾಡಿಸಿ ಹೆಸರು ಬರೆದಿಟ್ಟರಾಯಿತು, ಆ ಗುರುತು ಮೆಮೊರಿ ಕಾರ್ಡಿನಲ್ಲಲ್ಲ, ಕ್ಯಾಮೆರಾದೊಳಗೇ ಉಳಿಯುತ್ತದೆ. ಆಮೇಲೆ ಆ ಮುಖ ಎದುರಿಗೆ ಬಂದಾಗಲೆಲ್ಲ ಪರದೆಯ ಮೇಲೆ ಮುಖದ ಸುತ್ತ ಒಂದು ಹಳದಿ ಚೌಕ, ಅದರ ಕೆಳಗೆ ಹೆಸರು. ನನ್ನದೂ ಹಾಕಿ ಎಂದು ರೇಣುಕಾ ಹಟ ಹಿಡಿದಳು. ಇಂಗ್ಲಿಷಿನಲ್ಲಿ ‘ರೇಣು’ ಎಂದು ಅವಳೇ ಒಂದೊಂದಾಗಿ ಅಕ್ಷರ ಒತ್ತಿದಳು. ಆಮೇಲೆ ಶುರುವಾಯಿತು ಆಟ. ಕಂಬದ ಹಿಂದಿನಿಂದ ಇಣುಕುವುದು, ವೇಲಿನಿಂದ ಅರ್ಧ ಮುಖ ಮುಚ್ಚಿಕೊಳ್ಳುವುದು, ಗುಂಪಿನ ನಡುವೆ ಹೊಕ್ಕುಬಿಡುವುದು... ಎಲ್ಲಿದ್ದರೂ ಚೌಕ ಅವಳನ್ನು ಹುಡುಕಿ ಹಿಡಿಯುತ್ತಿತ್ತು. ಬೇರೆ ಯಾರ ಮುಖಕ್ಕೂ ಆ ಹೆಸರು ತಪ್ಪಿ ಸಹ ಬರಲಿಲ್ಲ. ಈರಮ್ಮ ಕಟ್ಟೆಯ ಮೇಲೆ ಕೂತು ನೋಡಿ ನೋಡಿ ನಗುತ್ತಿದ್ದಳು.

ಫೋಟೋಗಳನ್ನು ಸೋಮವಾರ ಕಳಿಸುತ್ತೇನೆ ಎಂದಿದ್ದೆ. ಕಳಿಸಲಿಲ್ಲ.

ನನ್ನದೊಂದು ಶಿಸ್ತು. ಹೊಸ ಊರಿಗೆ ಹೊರಡುವ ಮುನ್ನ ಮೆಮೊರಿ ಕಾರ್ಡನ್ನು ಪೂರ್ತಿ ಅಳಿಸಿ ಖಾಲಿ ಮಾಡಿಕೊಳ್ಳುವುದು. ಹಳೆಯದನ್ನೆಲ್ಲ ಕಂಪ್ಯೂಟರಿಗೆ ಹಾಕಿದ್ದೇನೆ ಎಂಬ ಧೈರ್ಯ. ಮರುವಾರ ಹೊಸಪೇಟೆಯ ಡ್ಯಾಮು ನೋಡಲು ಹೊರಟಾಗಲೂ ಹಾಗೇ ಮಾಡಿದೆ. ನೀರಿನದು ಮುನ್ನೂರು ಫೋಟೋ ತೆಗೆದು ಮನೆಗೆ ಬಂದು ನೋಡಿದರೆ ಕಂಪ್ಯೂಟರಿನಲ್ಲಿ ಕುರುಗೋಡೇ ಇಲ್ಲ. ಹೋಗಲಿ, ಇನ್ನೊಮ್ಮೆ ತೆಗೆದರಾಯಿತು, ಹುಡುಗಿ ಎಲ್ಲಿಗೆ ಹೋಗುತ್ತಾಳೆ ಅಂದುಕೊಂಡೆ.

ಹೋದಳು. ಮಳೆಗಾಲದ ಜ್ವರ. ನಾಲ್ಕೇ ದಿನ...

ಈರಮ್ಮ ಮತ್ತೆ ಕೆಲಸಕ್ಕೆ ಬಂದ ದಿನ ಮೊದಲು ಕೇಳಿದ್ದೇ ಆ ಫೋಟೋ. ಮಗಳ ಫೋನಿಗೆ ಬೀಗ, ಅದನ್ನು ತೆರೆಯುವ ಗುರುತು ಮಗಳ ಜೊತೆಗೇ ಹೋಗಿತ್ತು. ಈರಮ್ಮನದು ಗುಂಡಿ ಒತ್ತುವ ಫೋನು. ಆಧಾರ್ ಕಾರ್ಡಿನ ಚಿತ್ರವನ್ನು ಯಾರೋ ದೊಡ್ಡದು ಮಾಡಿಸಿಕೊಟ್ಟಿದ್ದರಂತೆ. ಇದು ನನ್ನ ಮಗಳೇ ಅಲ್ಲ ಎಂದು ಇವಳು ಅದನ್ನು ಮಡಿಚಿ ಟ್ರಂಕಿನಲ್ಲಿ ಹಾಕಿಬಿಟ್ಟಳಂತೆ.

"ಕುರುಗೋಡಿನ್ದೊಂದು ಕೊಡ್ರಿ ಸರ. ನಕ್ಕೊಂತ ನಿಂತಾಳಲ್ರಿ, ಅದು" ಎಂದಳು.

ಕಂಪ್ಯೂಟರ್ ಕೆಟ್ಟಿದೆ, ರಿಪೇರಿಗೆ ಕೊಟ್ಟಿದ್ದೇನೆ ಎಂದು ಸುಳ್ಳು ಹೇಳಿದೆ. ಅಳಿಸಿದ್ದನ್ನು ವಾಪಸು ತರುತ್ತೇನೆಂದ ಅಂಗಡಿಯವನ ಹತ್ತಿರ ಕಾರ್ಡು ಕೊಟ್ಟೆ. ಅವನು ಎರಡು ದಿನ ಇಟ್ಟುಕೊಂಡು, ಬರೀ ನೀರೇ ಬರುತ್ತದೆ ಸರ್ ಎಂದು ಹಿಂತಿರುಗಿಸಿದ. ಆಮೇಲೆ ದಿನಾ ಅವಳು ಚಹಾ ತಂದಿಡುವಾಗ ನಾನು ಫೈಲಿನಿಂದ ತಲೆ ಎತ್ತುತ್ತಿರಲಿಲ್ಲ.

ಹೋದ ವರ್ಷದ ಮಹಾಲಯ ಅಮಾವಾಸ್ಯೆಗೆ ಎರಡು ದಿನ ಮುಂಚೆ ಈರಮ್ಮ ನನ್ನನ್ನು ಕರೂರಿಗೆ ಕರೆದಳು. ಕ್ಯಾಮೆರಾ ತರಲು ಹೇಳಿದಳು. ಅವರ ಕಡೆ ಅಮಾವಾಸ್ಯೆಯ ರಾತ್ರಿ, ತೀರಿಕೊಂಡವರಿಗೆ ಇಷ್ಟವಾದ ಅಡುಗೆ ಮಾಡಿ ಫೋಟೋದ ಮುಂದೆ ಎಲೆ ಹಾಕಿ ಬಡಿಸುತ್ತಾರೆ. ಅದೇ ಎಡೆ. ಆಮೇಲೆ ಬಾಗಿಲು ಎಳೆದುಕೊಂಡು ಮನೆಯವರೆಲ್ಲ ಹೊರಗೆ ಕೂರುತ್ತಾರೆ. ಹೋದವರು ಬಂದು ಉಣ್ಣುವ ಹೊತ್ತು ಅದು. ಒಳಗೆ ಇಣುಕಬಾರದು.

"ಮನಿಯವ್ರು ನೋಡಬಾರ್ದ್ರಿ. ನೀವು ಹೊರಗಿನವ್ರು, ನಿಮಗ ದೋಷ ಇಲ್ಲ. ಆಕಿ ಬಂದಾಗ ಕಿಡಿಕ್ಯಾಗಿಂದ ಒಂದು ಫೋಟೋ ಹೊಡ್ಕೊಡ್ರಿ ಸರ."

ಅವಳ ಮುಖ ನೋಡಿದೆ. ಹುಚ್ಚು ಹಿಡಿದಿರಲಿಲ್ಲ. ಬೇರೆ ದಾರಿ ಉಳಿದಿರಲಿಲ್ಲ, ಅಷ್ಟೇ. ಕಾರ್ಡು ಅಳಿಸಿದ ಪಾಪಿ ನಾನು, ಬರುವುದಿಲ್ಲ ಎಂದು ಯಾವ ಬಾಯಿಂದ ಹೇಳಲಿ?

ಕರೂರು ಮುಟ್ಟಿದಾಗ ಕತ್ತಲಾಗುತ್ತಿತ್ತು. ಊರ ಸುತ್ತ ಭತ್ತದ ಗದ್ದೆ, ಕೆಸರಿನ ವಾಸನೆ, ಕಪ್ಪೆಗಳ ಗಲಾಟೆ. ಒಂದೇ ಕೋಣೆಯ ಮನೆ. ಗೋಡೆಗೆ ಆನಿಸಿ ಒಂದು ಮಣೆ ಇಟ್ಟಿದ್ದಳು. ಫೋಟೋ ಇರಬೇಕಾದ ಆ ಮಣೆಯ ಮೇಲೆ ಮಗಳ ವೇಲನ್ನು ಮಡಿಸಿ ಇಟ್ಟಿದ್ದಳು. ಎದುರಿಗೆ ಬಾಳೆ ಎಲೆ, ಹೋಳಿಗೆ, ಅನ್ನ. ಜೊತೆಗೆ ರೇಣುಕಾಗೆ ಪ್ರಾಣವಾಗಿದ್ದ ಮಂಡಕ್ಕಿ ಒಗ್ಗರಣೆ, ಮಿರ್ಚಿ. ಕರಿದ ಮೆಣಸಿನಕಾಯಿ ವಾಸನೆಯೂ ಲೋಬಾನದ ಹೊಗೆಯೂ ಸೇರಿ ಕಣ್ಣಲ್ಲಿ ನೀರು ಬಂತು. ಹೊಗೆಗೇ ಬಂತು ಅಂತ ನನಗೆ ನಾನೇ ಹೇಳಿಕೊಂಡೆ.

ಈರಮ್ಮ ದೀಪ ಸಣ್ಣ ಮಾಡಿ ಬಾಗಿಲು ಎಳೆದುಕೊಂಡಳು. ಮನೆಗೆ ಬೆನ್ನು ಮಾಡಿ ಕಟ್ಟೆಯ ಮೇಲೆ ಕೂತು ಸೆರಗನ್ನು ತಲೆ ತುಂಬ ಹೊದ್ದಳು.

ನಾನು ಪಕ್ಕದ ಗೋಡೆಯ ಕಿಟಕಿಗೆ ಹೋದೆ. ಎರಡು ಸರಳುಗಳ ನಡುವೆ ಲೆನ್ಸು ಹಿಡಿದೆ. ಪರದೆಯಲ್ಲಿ ದೀಪ, ಎಲೆ, ಮಣೆ, ಮಣ್ಣಿನ ಗೋಡೆ. ಐದು ನಿಮಿಷ ನಿಂತು, ಒಂದು ಫೋಟೋ ತೆಗೆದು, ಏನೂ ಇಲ್ಲವೆಂದು ಹೇಳಿ ಮುಗಿಸೋಣ ಎಂಬುದು ನನ್ನ ಲೆಕ್ಕ.

ಜಿರ್ರ್... ಎಂದಿತು ಲೆನ್ಸು.

ಫೋಕಸ್ ಹುಡುಕುವಾಗ ಅದರ ಮೋಟರು ಮಾಡುವ ಸಣ್ಣ ಸದ್ದು ಅದು. ನಾನು ಗುಂಡಿ ಮುಟ್ಟಿರಲಿಲ್ಲ.

ಪರದೆಯಲ್ಲಿ ಹಳದಿ ಚೌಕ ಮೂಡಿತು... ಮಣೆಯ ಮೇಲೆ, ಕೂತವರ ತಲೆ ಇರುವಷ್ಟು ಎತ್ತರದಲ್ಲಿ. ಅಲ್ಲಿದ್ದದ್ದು ಬರೀ ಗೋಡೆ.

ಹೆದರಲಿಲ್ಲ ನಾನು. ಈ ಕ್ಯಾಮೆರಾಗಳು ಗೋಡೆಯ ಕಲೆ ಕಂಡರೂ, ಬಂಡಿಯ ಗಾಲಿ ಕಂಡರೂ ಮುಖವೆಂದು ಚೌಕ ಹಾಕುತ್ತವೆ. ಎಷ್ಟೋ ಸಲ ನೋಡಿದ್ದೇನೆ. ಹೀಗಂದುಕೊಳ್ಳುತ್ತಿರುವಾಗಲೇ ಚೌಕದ ಕೆಳಗೆ ಅಕ್ಷರ ಬಂತು.

ರೇಣು.

ಕ್ಯಾಮೆರಾದಿಂದ ಕಣ್ಣು ಕಿತ್ತು ನೇರ ಕೋಣೆಯೊಳಗೆ ನೋಡಿದೆ. ಯಾರೂ ಇಲ್ಲ. ಮತ್ತೆ ಪರದೆ ನೋಡಿದೆ. ಚೌಕ ಅಲ್ಲೇ ಇತ್ತು, ಹೆಸರೂ ಇತ್ತು. ಆಮೇಲೆ ಅದು ನಿಧಾನಕ್ಕೆ ಎಲೆಯ ಕಡೆಗೆ ಬಾಗಿತು. ಎಲೆಯ ಮೇಲೆಯೇ ಸ್ವಲ್ಪ ಹೊತ್ತು ನಿಂತಿತು... ಮತ್ತೆ ಮೇಲೆದ್ದಿತು. ಊಟಕ್ಕೆ ಕೂತವರ ತಲೆ ಹೇಗೆ ಬಾಗಿ ಏಳುತ್ತದೋ ಹಾಗೆ.

ಹಿಂದಿನಿಂದ ಈರಮ್ಮನ ಪಿಸುಮಾತು ಕೇಳಿತು. ಅವಳು ತಿರುಗಿರಲಿಲ್ಲ.

"ಬಂದ್ಲೇನ್ರಿ ಸರ?"

ಬೆರಳು ಗುಂಡಿಯ ಮೇಲೇ ಇತ್ತು. ಒತ್ತಬೇಕಿತ್ತು, ಅಷ್ಟೇ ತಾನೇ... ಆಗ ಚೌಕ ಬಾಗಿಲ ಕಡೆ ಹೊರಳಿತು. ಅಲ್ಲಿಂದ ಕಿಟಕಿಯ ಕಡೆ. ಜಿರ್ರ್... ಲೆನ್ಸು ಫೋಕಸ್ಸನ್ನು ಹತ್ತಿರಕ್ಕೆ ಎಳೆದುಕೊಂಡಿತು. ಚೌಕ ದೊಡ್ಡದಾಯಿತು. ಜಿರ್ರ್... ಇನ್ನೂ ದೊಡ್ಡದು. ಮುಖ ಹತ್ತಿರ ಬಂದಷ್ಟೂ ಚೌಕ ದೊಡ್ಡದಾಗುತ್ತದೆ ಎಂಬುದು ಕ್ಯಾಮೆರಾ ಹಿಡಿದ ಯಾರಿಗಾದರೂ ಗೊತ್ತು. ಪರದೆಯ ಅಂಚಿನವರೆಗೂ ಹಳದಿ ಗೆರೆ ಬಂದಾಗ ನಾನು ಕ್ಯಾಮೆರಾ ಆರಿಸಿ ಕಿಟಕಿಯಿಂದ ಹಿಂದೆ ಸರಿದೆ.

"ಬಂದ್ಲೇನ್ರಿ?" ಮತ್ತೆ ಕೇಳಿದಳು.

"ಇಲ್ಲ" ಎಂದೆ.

ಹೌದು ಅಂದಿದ್ದರೆ ಮತ್ತೆ ಕಿಟಕಿಗೆ ಹೋಗಬೇಕಿತ್ತು. ಆ ಧೈರ್ಯ ನನಗಿರಲಿಲ್ಲ. ಬಾಯಿಗೆ ಬಂದದ್ದು ಆ ಒಂದೇ ಮಾತು.

ಈರಮ್ಮ ಎದ್ದು ಬಾಗಿಲು ತೆಗೆದು ಎಲೆಯ ಮುಂದೆ ಕೂತು ಅತ್ತಳು. ಊರಿಗೆ ಕೇಳಬಾರದೆಂದು ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು. ಫೋಟೋ ಇಟ್ಟಿದ್ದರೆ ಮನೆಯ ಗುರುತು ಸಿಗುತ್ತಿತ್ತೇನೋ, ಎಲ್ಲಿ ದಾರಿ ತಪ್ಪಿದಳೋ ಕೂಸು ಎಂದಳು. ಆ ಮಾತು ನನ್ನನ್ನು ಕೊಂದುಹಾಕಿತು.

ಅವಳ ಎದುರಿಗೇ ಕುಕ್ಕರುಗಾಲಲ್ಲಿ ಕೂತು ಎಲ್ಲ ಹೇಳಿದೆ. ಕಾರ್ಡು ಅಳಿಸಿದ್ದು, ಕಂಪ್ಯೂಟರಿನ ಸುಳ್ಳು, ಎಲ್ಲ. ಬೈಯಲಿ, ಒದೆಯಲಿ ಎಂದು ತಲೆ ತಗ್ಗಿಸಿದೆ.

"ಗೊತ್ತಿತ್ರಿ ಸರ. ಇದ್ದಿದ್ರ ನೀವು ಕೊಡ್ತಿದ್ರಿ" ಎಂದಳು. ಅಷ್ಟೇ.

ಆಗ ನನಗೆ ತಡೆಯಲಾಗಲಿಲ್ಲ.

"ಈರಮ್ಮ, ರೇಣುಕಾ ಬಂದಿದ್ಲು. ನಾ ನೋಡೀನಿ."

ಅವಳು ನನ್ನನ್ನೇ ನೋಡಿದಳು. ಆ ಕಣ್ಣಿನಲ್ಲಿ ಸಿಟ್ಟು ಇರಲಿಲ್ಲ, ನನ್ನ ಮೇಲೆ ಕನಿಕರವಿತ್ತು.

"ಸಮಾಧಾನಕ್ಕ ಹೇಳಬ್ಯಾಡ್ರಿ. ಮೊದ್ಲ ಇಲ್ಲ ಅಂದ್ರಲ್ರಿ, ಅದ ಖರೆ."

ಚೌಕದ ಕಥೆ, ಹೆಸರು, ಅದು ಎಲೆಗೆ ಬಾಗಿದ್ದು, ಎಲ್ಲ ಹೇಳಿದೆ. ಕ್ಯಾಮೆರಾ ಹಚ್ಚಿ ಮಣೆಯತ್ತ ಹಿಡಿದೆ, ಬಾಗಿಲತ್ತ ಹಿಡಿದೆ, ಕೋಣೆಯ ನಾಲ್ಕೂ ಮೂಲೆಗೆ ಹಿಡಿದೆ. ಗೋಡೆ, ದೀಪ, ಆರಿದ ಅನ್ನ. ಏನೂ ಬರಲಿಲ್ಲ. ನಾನು ಮೂಲೆ ಮೂಲೆಗೆ ಕ್ಯಾಮೆರಾ ಹಿಡಿದು ತಿರುಗುತ್ತಿದ್ದರೆ ಈರಮ್ಮ ನನ್ನ ಕೈ ಹಿಡಿದು, ಇನ್ನು ಸಾಕು, ಊಟ ಮಾಡಿ ಎಂದಳು.

ಆವತ್ತಿನಿಂದ ಇವತ್ತಿನವರೆಗೆ ಆ ಚೌಕ ಮತ್ತೆ ಬಂದಿಲ್ಲ. ತಿಳಿದವರನ್ನು ಕೇಳಿದ್ದೇನೆ. ಮಂದ ಬೆಳಕಿನಲ್ಲಿ ಯಂತ್ರ ತಪ್ಪು ಮಾಡುತ್ತದೆ ಎನ್ನುತ್ತಾರೆ. ಇರಬಹುದು. ಹಾಗಾದರೆ ಎಲೆಗೆ ಬಾಗಿದ್ದು ಯಾಕೆ? ಯಾರೂ ಹೇಳುವುದಿಲ್ಲ.

ಈ ವರ್ಷದ ಮಹಾಲಯ ಹತ್ತಿರ ಬಂತು. ಮೊನ್ನೆ ಚಹಾ ಇಡುವಾಗ ಊರಿಗೆ ಯಾವತ್ತು ಹೋಗುತ್ತೀ ಎಂದು ಕೇಳಿದೆ. ಈ ಸಲ ಹೋಗುವುದಿಲ್ಲ, ಎಡೆ ಇಡುವುದಿಲ್ಲ ಎಂದಳು. ರಜೆ ಬೇಡ ಎಂದಷ್ಟು ಸಲೀಸಾಗಿ.

"ಬರಲಾರ್ದೋರಿಗೆ ಯಾಕ್ರಿ ಎಡಿ."

ಇಡು ಎಂದೆ. ಕೈ ಮುಗಿಯುತ್ತೇನೆ ಇಡು ಎಂದೆ. ಅವಳು ಖಾಲಿ ಲೋಟ ಎತ್ತಿಕೊಂಡು ಹೋದಳು.

ಇನ್ನು ಹನ್ನೊಂದು ದಿನ. ಆ ರಾತ್ರಿ ಕರೂರಿನ ಮನೆಗೆ ಬೀಗ ಇರುತ್ತದೆ. ದೀಪ ಇರುವುದಿಲ್ಲ, ಎಲೆ ಇರುವುದಿಲ್ಲ, ಕಟ್ಟೆಯ ಮೇಲೆ ತಾಯಿ ಇರುವುದಿಲ್ಲ. ಆ ಹುಡುಗಿ ಬರುತ್ತಾಳೆ... ಅದು ಗೊತ್ತಿರುವುದು ನನಗೊಬ್ಬನಿಗೇ.