ಚಿಮಣಿ ಇಲ್ಲದ ಭದ್ರಾವತಿ

ಕೊಟ್ರಬಸಪ್ಪನವರು ಮೊದಲ ಸಲ ವಿಮಾನ ಹಾರಿಸಿದ್ದು ಅರವತ್ತೆರಡನೆಯ ವಯಸ್ಸಿನಲ್ಲಿ, ಶಿವಮೊಗ್ಗದ ವಿದ್ಯಾನಗರದ ತಮ್ಮ ಮನೆಯ ಮಹಡಿಯಲ್ಲಿ, ಪಂಚೆ ಉಟ್ಟುಕೊಂಡು. ಅದಕ್ಕೆ ಮುಂಚೆ ಮೂವತ್ತಮೂರು ವರ್ಷ ಅವರು ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಕ್ರೇನ್ ಆಪರೇಟರ್ ಆಗಿದ್ದವರು. ನೆಲದಿಂದ ನಲವತ್ತು ಅಡಿ ಮೇಲೆ, ಗಾಜಿನ ಗೂಡಿನಂಥ ಕ್ಯಾಬಿನ್ನಿನಲ್ಲಿ ಕೂತು, ಕರಗಿದ ಕಬ್ಬಿಣ ತುಂಬಿದ ದೊಡ್ಡ ಕೊಳಗವನ್ನು ಶೆಡ್ಡಿನ ಈ ತುದಿಯಿಂದ ಆ ತುದಿಗೆ ಒಯ್ದು ಇಳಿಸುವುದು ಅವರ ಕೆಲಸ. ಒಂದು ಹನಿ ತುಳುಕಬಾರದು. ಅವರು ತುಳುಕಿಸಿದವರೂ ಅಲ್ಲ.

ಅಷ್ಟು ವರ್ಷ ಮೇಲಿನಿಂದ ಕೆಳಗೆ ನೋಡಿದ ಕಣ್ಣಿಗೆ ನಿವೃತ್ತಿಯಾದ ಮೇಲೆ ನೆಲದ ಮೇಲಿನ ಬದುಕು ಒಗ್ಗಲಿಲ್ಲ. ಸುಮ್ಮನೆ ತಾರಸಿಗೆ ಹೋಗಿ ನಿಲ್ಲುತ್ತಿದ್ದರು. ಸೋಗಾನೆಯಲ್ಲಿ ವಿಮಾನ ನಿಲ್ದಾಣ ಶುರುವಾದ ಮೇಲಂತೂ ಆಕಾಶದಲ್ಲಿ ಸದ್ದು ಕೇಳಿದರೆ ಸಾಕು, ಉಣ್ಣುವ ತಟ್ಟೆ ಬಿಟ್ಟು ಎದ್ದು ಓಡುತ್ತಿದ್ದರು. "ವಿಮಾನ ಎಲ್ಲೂ ಹೋಗಲ್ಲ, ನಾಳೆನೂ ಬರುತ್ತೆ. ಮುದ್ದೆ ಆರಿ ಹೋಗುತ್ತೆ ಕಣ್ರೀ" ಎಂದು ಹೆಂಡತಿ ಜಗದಾಂಬಾ ಕೂಗಿಕೊಳ್ಳುತ್ತಿದ್ದರು. ಅದೇ ಊರಿನ ಕಾಲೇಜಿನಲ್ಲಿ ಪಾಠ ಹೇಳುವ ಮಗಳು ಶಾಂಭವಿ ಇದನ್ನೆಲ್ಲ ನೋಡಿ, ಒಂದು ದಿನ ಭಾರೀ ಕಂಪ್ಯೂಟರೊಂದನ್ನೂ ಜಾಯ್‌ಸ್ಟಿಕ್ಕನ್ನೂ ಹೊತ್ತು ತಂದಳು. ಅದರಲ್ಲಿರುವ ಸಿಮ್ಯುಲೇಟರ್ ಎಂಬ ವಿಮಾನದ ಆಟದೊಳಗೆ ಇಡೀ ಭೂಮಂಡಲವೇ ಇದೆ, ಎಲ್ಲಿಂದ ಎಲ್ಲಿಗೆ ಬೇಕಾದರೂ ವಿಮಾನ ಓಡಿಸಬಹುದು ಎಂದಳು.

ಭೂಮಂಡಲ ಕಟ್ಟಿಕೊಂಡು ಕೊಟ್ರಬಸಪ್ಪನವರಿಗೆ ಏನಾಗಬೇಕು? ಸೋಗಾನೆಯಿಂದ ಎದ್ದವರು ನೇರ ಭದ್ರಾವತಿಯ ಕಡೆಗೆ ವಿಮಾನದ ಮೂತಿ ತಿರುಗಿಸಿದರು. ಭದ್ರಾ ನದಿ ಸಿಕ್ಕಿತು. ಸೇತುವೆಯೂ ಸಿಕ್ಕಿತು. ಕಾರ್ಖಾನೆ ಇರಬೇಕಾದ ಜಾಗದಲ್ಲಿ ಮಾತ್ರ ಮೂರಂತಸ್ತಿನ ಅಪಾರ್ಟ್‌ಮೆಂಟುಗಳು ಸಾಲಾಗಿ ನಿಂತಿದ್ದವು. ಬಾಲ್ಕನಿಗಳಿದ್ದವು, ಹೂಕುಂಡಗಳಿದ್ದವು. ಚಿಮಣಿ ಇರಲಿಲ್ಲ. ಉಪಗ್ರಹದ ಚಿತ್ರ ನೋಡಿ ಕಟ್ಟಡಗಳನ್ನು ತಾನೇ ಊಹಿಸಿಕೊಳ್ಳುವ ಆ ಸಾಫ್ಟ್‌ವೇರು, ಉದ್ದುದ್ದ ಚಾವಣಿಗಳನ್ನೆಲ್ಲ ವಸತಿ ಎಂದು ತಿಳಿದುಕೊಂಡಿತ್ತು.

"ಲೇ ಜಗದಾಂಬಾ, ಬಾ ಇಲ್ಲಿ! ಮೂವತ್ಮೂರು ವರ್ಷ ನಾನು ಕೆಲ್ಸ ಮಾಡಿದ್ದು ಅಪಾರ್ಟ್‌ಮೆಂಟಲ್ಲಂತೆ, ನೋಡು!"

ಜಗದಾಂಬಾ ಕನ್ನಡಕ ಏರಿಸಿ ನೋಡಿದರು. "ಚೆನ್ನಾಗೇ ಕಟ್ಟಿದಾರಲ್ಲ" ಎಂದು ಇಳಿದು ಹೋದರು.

ಗಾಂಧಿ ಬಜಾರಿನ ಹಿಂದಿನ ಓಣಿಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದ ಲೋಹಿತ್ ಇದಕ್ಕೆ ಮದ್ದು ಹೇಳಿದ. "ಬರೀ ಸಿಮ್ಯುಲೇಟರಲ್ಲಿ ಏನೂ ಇರಲ್ಲ ಅಂಕಲ್. ಆಡ್‌ಆನ್ ಹಾಕ್ಬೇಕು. ಹೊಸ ಮನೆ ತಗೊಂಡ್ಮೇಲೆ ಫ್ಯಾನು, ಪರದೆ ಎಲ್ಲ ನಾವೇ ಹಾಕ್ಕೊಳಲ್ವಾ, ಹಂಗೆ. ಯಾರ್ಯಾರೋ ಮಾಡಿ ಇಂಟರ್ನೆಟ್ಟಲ್ಲಿ ಇಟ್ಟಿರ್ತಾರೆ."

ಕಂಟಕ ಶುರುವಾಗಿದ್ದೇ ಅಲ್ಲಿಂದ.

ಮೊದಲ ಆಡ್‌ಆನ್ ಶಿವಮೊಗ್ಗ ವಿಮಾನ ನಿಲ್ದಾಣದ್ದು. ಯಾರೋ ಪುಣ್ಯಾತ್ಮರು ಕಮಲದ ಆಕಾರದ ಟರ್ಮಿನಲ್ಲನ್ನು ಎಸಳೆಸಳೂ ಬಿಡದೆ ಮಾಡಿಟ್ಟಿದ್ದರು. ಅದನ್ನು ಹಾಕಿಕೊಂಡ ಮೇಲೆ ಕಟ್ಟಡವೇನೋ ಸೊಗಸಾಗಿ ಬಂತು, ಆದರೆ ರನ್‌ವೇ ಎರಡಾಯಿತು. ಹಳೆಯದರ ಮೇಲೆ ಹೊಸದು, ನಡುವೆ ಮೊಳದಷ್ಟು ಸಂದು. ವಿಮಾನದ ಚಕ್ರ ಆ ಸಂದಿನಲ್ಲಿ ಸಿಕ್ಕಿ, ಹೊರಡುವ ಮೊದಲೇ ಪಲ್ಟಿ ಹೊಡೆಯಿತು. ಲೋಹಿತ್ ಎರಡು ದಿನ ತಲೆ ಕೆರೆದು ಅದನ್ನು ಸರಿ ಮಾಡಿದ.

ಎರಡನೆಯದು ನಿಜದ ವಿಮಾನದ ತದ್ರೂಪು ಎನ್ನುವ, ಎರಡು ಫ್ಯಾನಿನ ವಿಮಾನ. ಮೊದಲಿದ್ದ ವಿಮಾನ ಒಂದು ಗುಂಡಿ ಒತ್ತಿದರೆ ಹೊರಡುತ್ತಿತ್ತು. ಇದಕ್ಕೆ ಬ್ಯಾಟರಿ ಹಾಕಬೇಕು, ಪಂಪು ಹಾಕಬೇಕು, ಬಾಗಿಲು ಮುಚ್ಚಿದೆಯೇ ಎಂದು ಹಿಂದೆ ಹೋಗಿ ನೋಡಿ ಬರಬೇಕು. ಮೂವತ್ತೊಂದು ಕೆಲಸಗಳ ಪಟ್ಟಿ. ಜಗದಾಂಬಾ ಪಕ್ಕದಲ್ಲಿ ಕೂತು ಒಂದೊಂದಾಗಿ ಓದಿ ಹೇಳಿದರು. ಇಪ್ಪತ್ತೆಂಟಕ್ಕೆ ಬರುವಷ್ಟರಲ್ಲಿ ಕುಕ್ಕರ್ ಕೂಗಿತು, ಅವರು ಎದ್ದು ಹೋದರು. ಇವರು ಇಪ್ಪತ್ತೊಂಬತ್ತನ್ನು ಹಾರಿಸಿ ಮೂವತ್ತನ್ನು ಮಾಡಿದರು. ವಿಮಾನದೊಳಗಿನ ಗಂಡಸು ಇಂಗ್ಲಿಷಿನಲ್ಲಿ ಅದೇನನ್ನೋ ಬಡಬಡಿಸಿ ಎಂಜಿನ್ನಿಗೆ ಬೆಂಕಿ ಬಿದ್ದಿದೆ ಎಂದ.

ಮೂರನೆಯದು ಹವಾಮಾನದ್ದು. ಹೊರಗೆ ಹೇಗಿದೆಯೋ ಒಳಗೂ ಹಾಗೇ ತೋರಿಸುತ್ತದೆ ಎಂದು ಅದರ ಹೆಗ್ಗಳಿಕೆ. ಆಗ ಜುಲೈ ತಿಂಗಳು. ಒಂಬತ್ತು ದಿನ ಕೊಟ್ರಬಸಪ್ಪನವರು ಕಂಡದ್ದು ಬೂದು ಬಣ್ಣ ಒಂದೇ. ಕಿಟಕಿಯಲ್ಲಿ ನೋಡಿದರೂ ಅದೇ, ಪರದೆಯಲ್ಲಿ ನೋಡಿದರೂ ಅದೇ. "ಬೀದೀಲಿದ್ದ ಮಳೇನ ಕರೆದು ಮನೆಯೊಳಗೆ ಕೂರಿಸ್ಕೊಂಡ್ನಲ್ಲೋ ಲೋಹಿತ್" ಎಂದು ಫೋನಿನಲ್ಲಿ ಗೋಳಾಡಿದರು.

ಇಷ್ಟೆಲ್ಲ ಒಂದು ಹದಕ್ಕೆ ಬಂತು ಅನ್ನುವಾಗ ಸಿಮ್ಯುಲೇಟರೇ ತನ್ನನ್ನು ತಾನು ಅಪ್‌ಡೇಟ್ ಮಾಡಿಕೊಂಡು, ಕಮಲದ ಟರ್ಮಿನಲ್ಲಿಗೆ ಬಣ್ಣವೇ ಇಲ್ಲದಂತೆ ಮಾಡಿತು. ಲೋಹಿತ್ ಸ್ಪೀಕರ್ ಫೋನಿನಲ್ಲೇ ಹೇಳಿದ: "ಒಂದ್ಸಲ ಕಮ್ಯುನಿಟಿ ಫೋಲ್ಡರ್ ಪೂರ್ತಿ ಖಾಲಿ ಮಾಡಿ ಅಂಕಲ್." ಹೂವು ಕಟ್ಟುತ್ತಿದ್ದ ಜಗದಾಂಬಾ ದಡಕ್ಕನೆ ಎದ್ದರು. ಅವರು ತಮ್ಮ ಕಮ್ಯುನಿಟಿಯ, ಅಂದರೆ ತಮ್ಮ ಜನದ, ಮದುವೆ ವಯಸ್ಸಿನ ಹುಡುಗ ಹುಡುಗಿಯರ ಜಾತಕ, ಫೋಟೊಗಳನ್ನು ಅದೇ ಕಂಪ್ಯೂಟರಿನಲ್ಲಿ ಜೋಪಾನ ಮಾಡಿದ್ದರು. "ಅದನ್ನ ಮುಟ್ಟಿದ್ರೆ ನೋಡಿ! ನಮ್ಮ ತಂಗಿ ಮಗಳಿಗೆ ಈಗ್ತಾನೇ ಎರಡು ಗಂಡು ಹೊಂದಿಕೆ ಆಗಿದಾವೆ!" ಅದು ಆ ಕಮ್ಯುನಿಟಿ ಅಲ್ಲ, ಆಡ್‌ಆನ್ ಇಡುವ ಜಾಗದ ಹೆಸರು ಎಂದು ಒಪ್ಪಿಸುವಷ್ಟರಲ್ಲಿ ಸಾಕುಸಾಕಾಯಿತು.

ಇಷ್ಟೆಲ್ಲ ಪಾಡು ಪಟ್ಟರೂ ಭದ್ರಾವತಿಯಲ್ಲಿ ಅಪಾರ್ಟ್‌ಮೆಂಟುಗಳು ಹಾಗೇ ಇದ್ದವು. ಕೊಟ್ರಬಸಪ್ಪನವರಿಗೆ ತಡೆಯಲಿಲ್ಲ. ವಿಮಾನ ನಿಲ್ದಾಣದ ಆಡ್‌ಆನ್ ಮಾಡಿದವರ ಪುಟಕ್ಕೆ ಹೋಗಿ, ಕನ್ನಡದಲ್ಲೇ, ಒಂದೇ ಬೆರಳಿನಲ್ಲಿ ಒತ್ತಿ ಒತ್ತಿ ಬರೆದರು: ಕಮಲ ಮಾಡಲು ಬರುವ ತಮಗೆ ಒಂದು ಚಿಮಣಿ ಮಾಡಲು ಬರುವುದಿಲ್ಲವೇ?

ಮೂರನೆಯ ದಿನ ಉತ್ತರ ಬಂತು. ಬರೆದವಳು ಸೌಂದರ್ಯ, ದಾವಣಗೆರೆಯಲ್ಲಿ ಆರ್ಕಿಟೆಕ್ಚರ್ ಓದುತ್ತಿರುವ ಹುಡುಗಿ. "ಸರ್, ನಮ್ಮಜ್ಜಿ ಮನೆ ಭದ್ರಾವತಿನೇ. ಮಾಡೋಕೆ ನಂಗೂ ಆಸೆ. ಆದ್ರೆ ಅಳತೆ ಯಾರ ಹತ್ರನೂ ಇಲ್ಲ. ಎತ್ತರ ಎಷ್ಟು, ಬಣ್ಣ ಏನು, ಶೆಡ್ ಯಾವ ಕಡೆ ಇಳಿಜಾರು, ಇಷ್ಟು ಕೊಟ್ರೆ ಮಾಡ್ಕೊಡ್ತೀನಿ."

ಅಳತೆ ಎಂದ ಕೂಡಲೇ ಕೊಟ್ರಬಸಪ್ಪನವರಿಗೆ ನೆನಪಾದದ್ದು ಕರಿಯಣ್ಣ. ಕಾರ್ಖಾನೆಯಲ್ಲಿ ಇವರು ಮೇಲೆ ಕ್ರೇನಿನಲ್ಲಿದ್ದರೆ ಅವನು ಕೆಳಗೆ ನೆಲದಲ್ಲಿ ನಿಂತು, ಸದ್ದಿನಲ್ಲಿ ಮಾತು ಕೇಳಿಸದಿದ್ದುದರಿಂದ, ಕೈಸನ್ನೆಯಲ್ಲಿ ದಾರಿ ತೋರಿಸುತ್ತಿದ್ದ ಜೊತೆಗಾರ. ಈಗಲೂ ಭದ್ರಾವತಿಯಲ್ಲೇ ಇದ್ದ. ಡಿಸೆಂಬರಿನ ಒಂದು ಬೆಳಿಗ್ಗೆ ಇವರು ಬಸ್ಸಿಳಿದು ವಿಷಯ ಹೇಳಿದಾಗ ಕರಿಯಣ್ಣ ಬಾಯಿ ತುಂಬ ನಕ್ಕ.

"ಆಟ ಆಡಕ್ಕೆ ಚಿಮಣಿ ಅಳೀಬೇಕಾ ಮಾರಾಯ? ಇನ್ನೂರಡಿ. ಬರ್ಕೋ, ಹೋಗು."

"ನೀನು ಹೇಳ್ದೆ ಅಂತ ಬರ್ಕೊಳಕ್ಕಾಗುತ್ತಾ? ಲೆಕ್ಕ ಬೇಕು."

ಒಳಗೆ ಹೋಗುವಂತಿಲ್ಲ. ಬೆಳಗಿನ ಬಿಸಿಲಿಗೆ ಚಿಮಣಿಯ ನೆರಳು ಕಾಂಪೌಂಡು ದಾಟಿ ರಸ್ತೆಯವರೆಗೆ ಚಾಚಿಕೊಳ್ಳುತ್ತಿತ್ತು. ಬುಡದಿಂದ ಗೋಡೆಯವರೆಗಿನ ದೂರ ಮೊಬೈಲಿನ ನಕ್ಷೆಯಲ್ಲಿ ಸಿಕ್ಕಿತು. ಗೋಡೆಯಿಂದ ಆಚೆಗೆ ಇಬ್ಬರೂ ಟೇಪು ಹಿಡಿದು ಅಳೆದರು. ಕರಿಯಣ್ಣನ ಕೊಡೆಯನ್ನು ನೆಟ್ಟಗೆ ನಿಲ್ಲಿಸಿ ಅದರ ನೆರಳನ್ನೂ ಅಳೆದರು. ಕೊಡೆಗೆ ಇಷ್ಟು ನೆರಳಾದರೆ ಚಿಮಣಿಗೆ ಎಷ್ಟು ಎಂಬ ಶಾಲೆಯ ಲೆಕ್ಕ. ಮಧ್ಯೆ ಒಂದು ಆಟೋ ಬಂದು ಟೇಪಿನ ಮೇಲೆ ಹರಿಯಿತು. ನೆರಳು ಸರಿದು ಹೋಯಿತು ಎಂದು ಎಲ್ಲವನ್ನೂ ಮತ್ತೆ ಮೊದಲಿನಿಂದ ಮಾಡಿದರು. ಗೇಟಿನ ಕಾವಲುಗಾರ ಬಂದು, ಏನು ಕದಿಯಲು ಅಳೆಯುತ್ತಿದ್ದೀರಿ ಎಂದು ವಿಚಾರಿಸಿದ. ಹತ್ತು ಗಂಟೆಯ ಹೊತ್ತಿಗೆ ಬೆವರು ಒರೆಸಿಕೊಳ್ಳುತ್ತ ಕೊಟ್ರಬಸಪ್ಪನವರು ಲೆಕ್ಕ ಮುಗಿಸಿದರು.

"ಎಷ್ಟಾಯ್ತು?" ಎಂದ ಕರಿಯಣ್ಣ.

ಕೊಟ್ರಬಸಪ್ಪನವರು ಇನ್ನೊಮ್ಮೆ ಗುಣಿಸಿ ನೋಡಿದರು. "ಇನ್ನೂರಡಿ" ಎಂದರು.

ಕರಿಯಣ್ಣ ಆ ಇಡೀ ದಿನ ಅದನ್ನೇ ಹೇಳಿಕೊಂಡು ತಿರುಗಿದ. ಹೋಟೆಲಿನಲ್ಲಿ ಹೇಳಿದ, ಬಸ್ ನಿಲ್ದಾಣದಲ್ಲಿ ಹೇಳಿದ, ಬಸ್ಸು ಹೊರಟ ಮೇಲೆ ಕಿಟಕಿ ಬಡಿದು ಇನ್ನೊಮ್ಮೆ ಹೇಳಿದ.

ಜನವರಿ ಕೊನೆಗೆ ಸೌಂದರ್ಯ ಕಾರ್ಖಾನೆ ಕಳಿಸಿದಳು. ಕೊಟ್ರಬಸಪ್ಪನವರು ಕರಿಯಣ್ಣನನ್ನು ಮನೆಗೆ ಕರೆಸಿದರು, ಜಗದಾಂಬಾ ಒಬ್ಬಟ್ಟು ಮಾಡಿದರು. ಸೋಗಾನೆಯಿಂದ ಎದ್ದು ಭದ್ರಾವತಿಗೆ ಹೋಗಿ ನೋಡಿದರೆ ಶೆಡ್ಡುಗಳಿದ್ದವು, ಅಪಾರ್ಟ್‌ಮೆಂಟುಗಳು ಮಾಯವಾಗಿದ್ದವು, ಚಿಮಣಿಯೂ ಇತ್ತು. ಆದರೆ ನೆಲದಿಂದ ಮೂವತ್ತಡಿ ಮೇಲೆ, ಯಾವ ಆಧಾರವೂ ಇಲ್ಲದೆ, ಗಾಳಿಯಲ್ಲಿ ತೂಗುತ್ತಿತ್ತು.

"ಇನ್ನೂರ ಮೂವತ್ತಡಿ ಆಯ್ತಲ್ಲ" ಎಂದ ಕರಿಯಣ್ಣ.

ಕೊಟ್ರಬಸಪ್ಪನವರು ಜಾಯ್‌ಸ್ಟಿಕ್ಕನ್ನು ಮೇಜಿಗೆ ಕುಕ್ಕಿದರು. ಆರು ತಿಂಗಳ ಸಿಟ್ಟೆಲ್ಲ ಒಟ್ಟಿಗೆ ನೆತ್ತಿಗೇರಿತು. "ಸಾಕು! ಒಂದು ಹಾಕಿದ್ರೆ ಇನ್ನೊಂದು ಹಾಳು. ರನ್‌ವೇ ಸರಿ ಇದ್ರೆ ಮಳೆ, ಮಳೆ ನಿಂತ್ರೆ ಅಪ್‌ಡೇಟು, ಎಲ್ಲಾ ಸರಿ ಹೋಯ್ತು ಅಂದ್ರೆ ಚಿಮಣಿ ಹಾರ್ತದೆ! ಇದನ್ನ ಕಿತ್ತು ಗುಜರಿಗೆ ಹಾಕ್ತೀನಿ ಇವತ್ತು!"

"ಹಾಕೋರಂತೆ. ಮೊದ್ಲು ವಿಮಾನ ಇಳ್ಸಿ, ಅದು ನೆಲಕ್ಕೆ ಮೂತಿ ಮಾಡ್ಕೊಂಡಿದೆ" ಎಂದರು ಜಗದಾಂಬಾ.

ನಿಜವೇ. ಸಿಟ್ಟಿನ ನಡುವೆ ಗಂಡಸರಿಬ್ಬರೂ ವಿಮಾನ ನೋಡಿರಲಿಲ್ಲ. ಕೊಟ್ರಬಸಪ್ಪನವರು ಹೇಗೋ ಅದನ್ನು ಎತ್ತಿ ಸೋಗಾನೆಯ ಕಡೆ ತಿರುಗಿಸಿದರು. ಇಳಿಸುವುದೇ ಅವರಿಗೆ ಮೊದಲಿನಿಂದಲೂ ಬಾರದ ವಿದ್ಯೆ. ಮುಳ್ಳುಗಳನ್ನು, ಅಂಕಿಗಳನ್ನು, ಪಟ್ಟಿಯನ್ನು ನೋಡುತ್ತ ನೋಡುತ್ತ ಪ್ರತಿ ಸಲ ಧೊಪ್ಪೆಂದು ಕೆಡವುತ್ತಿದ್ದರು. ರನ್‌ವೇ ಹತ್ತಿರ ಬಂದಂತೆ ಅವರು ಮತ್ತೆ ಮುಳ್ಳುಗಳ ಕಡೆಗೆ ಬಗ್ಗಿದರು. ಆಗ ಪಕ್ಕದಲ್ಲಿ ಕರಿಯಣ್ಣನ ಕೈ ತಾನಾಗಿ ಮೇಲೆದ್ದಿತು. ಅಂಗೈ ನೆಲಕ್ಕೆ ಮಾಡಿ, ಮಗುವಿನ ತಲೆ ಸವರಿದಂತೆ, ಕೆಳಗೆ, ಇನ್ನೂ ಕೆಳಗೆ, ಸ್ವಲ್ಪ ತಡಿ ಎಂದು ಬೆರಳು ಮಡಿಸಿ, ಮತ್ತೆ ಕೆಳಗೆ. ಕೊಟ್ರಬಸಪ್ಪನವರು ಮುಳ್ಳುಗಳನ್ನು ನೋಡುವುದನ್ನು ಬಿಟ್ಟರು. ಓರೆಗಣ್ಣಿನಲ್ಲಿ ಆ ಕೈಯನ್ನಷ್ಟೇ ನೋಡಿದರು. ಚಕ್ರ ನೆಲ ಮುಟ್ಟಿದ್ದು ಗೊತ್ತೇ ಆಗಲಿಲ್ಲ.

ಕೆಳಗೆ ಬೀದಿಯಲ್ಲಿ ಯಾರದೋ ಸ್ಕೂಟರ್ ಹಾದು ಹೋಯಿತು.

"ಒಬ್ಬಟ್ಟಿಗೆ ತುಪ್ಪ ಹಾಕ್ಲಾ?" ಎಂದು ಜಗದಾಂಬಾ ಎದ್ದರು.

ಕಂಪ್ಯೂಟರು ಗುಜರಿಗೆ ಹೋಗಲಿಲ್ಲ. ನೆಲದ ಎತ್ತರದ ಲೆಕ್ಕ ತಪ್ಪಿತ್ತು ಎಂದು ಸೌಂದರ್ಯ ಒಪ್ಪಿಕೊಂಡು, ಮರುವಾರವೇ ಚಿಮಣಿಯನ್ನು ನೆಲಕ್ಕೆ ತಂದಳು. ಅದರ ವಿಡಿಯೋವನ್ನು ಕರಿಯಣ್ಣ ನಿವೃತ್ತರ ವಾಟ್ಸ್ಯಾಪ್ ಗುಂಪಿಗೆ ಹಾಕಿದ್ದೇ ತಪ್ಪಾಯಿತು. ಮಾರನೆಯ ಬೆಳಿಗ್ಗೆಯಿಂದ ಫೋನುಗಳು. ಕ್ಯಾಂಟೀನ್ ಎಲ್ಲಿ? ಸೈರನ್ ಕಂಬ ಯಾಕೆ ಹಾಕಿಲ್ಲ? ನಮ್ಮ ಕ್ವಾರ್ಟರ್ಸ್ ಮುಂದಿನ ಹುಣಸೆಮರ ಕಡಿದವರು ಯಾರು? ಒಬ್ಬರಂತೂ ತಮ್ಮ ಮನೆಗೆ ತಪ್ಪು ಬಣ್ಣ ಬಳಿದಿದ್ದೀರಿ ಎಂದು ಜಗಳಕ್ಕೇ ಬಂದರು.

"ನಾನೇನು ಮುನಿಸಿಪಾಲ್ಟಿನೇನ್ರಿ?" ಎಂದು ಕೊಟ್ರಬಸಪ್ಪನವರು ರೇಗಿದರು. ರೇಗಿದ ಮೇಲೆ, ಹುಣಸೆಮರ ಯಾವ ಕಡೆಗಿತ್ತು ಎಂದು ಕೇಳಿ ಬರೆದುಕೊಂಡರು.

ಸೌಂದರ್ಯಳಿಗೆ ಪರೀಕ್ಷೆ ಹತ್ತಿರ ಬಂದಿತ್ತು. "ನೀವೇ ಕಲೀರಿ ಸರ್, ಹೇಳ್ಕೊಡ್ತೀನಿ" ಎಂದಳು. ಹಾಗೆ ಈಗ ಅವರು ಕಟ್ಟಡ ಮಾಡುವ ಸಾಫ್ಟ್‌ವೇರಿನೊಂದಿಗೆ ಗುದ್ದಾಡುತ್ತಿದ್ದಾರೆ. ಮೊದಲು ಹಿಡಿದದ್ದು ಕ್ಯಾಂಟೀನು. ಹನ್ನೊಂದು ದಿನವಾಯಿತು. ಎರಡು ಸಲ ಚಾವಣಿ ತಲೆಕೆಳಗಾಗಿದೆ, ಒಂದು ಸಲ ಗೋಡೆಗಳು ಒಳಗಿನದು ಹೊರಗಾಗಿವೆ. ದಿನಕ್ಕೆರಡು ಬಾರಿ ಲೋಹಿತನನ್ನು ಬೈಯುತ್ತಾರೆ, ಅವನು ಅದರಲ್ಲಿ ಏನೂ ಮಾಡದಿದ್ದರೂ. ನಿನ್ನೆ ಕರಿಯಣ್ಣ ಫೋನು ಮಾಡಿ ಬಾಗಿಲು ಪೂರ್ವಕ್ಕಲ್ಲ, ಉತ್ತರಕ್ಕೆ ಎಂದ. ಇವರು ಅಲ್ಲವೇ ಅಲ್ಲ ಎಂದು ಕೂಗಾಡಿ ಫೋನಿಟ್ಟರು. ಸಂಜೆ ಜಗದಾಂಬಾ ಕಾಫಿ ತಂದಾಗ, ಅವರು ಕೂತು ಬಾಗಿಲನ್ನು ಉತ್ತರಕ್ಕೆ ತಿರುಗಿಸುತ್ತಿದ್ದರು.