ಹೊಲದ ಪಾಲಿನ ಮೂತ್ರ

ಹೋದ ವಾರ ಬೆಳಗಿನ ಜಾವ ನಾನು ಪ್ಲಾಸ್ಟಿಕ್ ಲೋಟ ಹಿಡಿದು ಕುರಿಯೊಂದರ ಹಿಂದೆ ಕುಕ್ಕರಗಾಲಲ್ಲಿ ಕೂತಿದ್ದೆ. ನಗಬೇಡಿ. ಎಲ್ಲ ವಿಜ್ಞಾನಕ್ಕಾಗಿ!

ಅಕ್ಕನ ಮಗಳು ಶ್ರುತಿ ರಿಸರ್ಚ್ ಮಾಡುತ್ತಿದ್ದಾಳೆ. ಹಾರ್ಮೋನು ಬಂದು ಜೀವಕೋಶದ ಬಾಗಿಲು ತಟ್ಟಿದರೆ, ಆ ಸುದ್ದಿಯನ್ನು ಒಳಗೆ ಒಯ್ಯುವ ಪುಟ್ಟ ಅಣುವೊಂದಿದೆಯಂತೆ. ಹೆಸರು ಸೈಕ್ಲಿಕ್ ಎಎಂಪಿ. (ನನಗೆ ಮೂರನೇ ಸಲಕ್ಕೆ ಬಾಯಿಗೆ ಬಂತು.) ಅದರಲ್ಲಿ ಒಂದಿಷ್ಟು ಮೂತ್ರದಲ್ಲಿ ಹೊರಬೀಳುತ್ತದೆ. ಅದನ್ನು ಪತ್ತೆಹಚ್ಚಿ ಅಳೆಯುವುದೇ ಅವಳ ಕೆಲಸ. ಬೇಕಿದ್ದದ್ದು ಇನ್ನೊಂದೇ ಸ್ಯಾಂಪಲ್: ಮೇವು ಮುಟ್ಟುವ ಮುನ್ನ, ಕುರಿಯ ದಿನದ ಮೊದಲ ಮೂತ್ರ. ಅವತ್ತೇ ಬೇಕು. ಮರುದಿನದಿಂದ ಲ್ಯಾಬಿನ ಮಷೀನು ಬೇರೆಯವರಿಗೆ. ತಪ್ಪಿದರೆ ವರ್ಷದ ಕೆಲಸ ಅರ್ಧಕ್ಕೆ ನಿಂತಂತೆ.

ಮಾಗಳದ ಹತ್ತಿರ ಹೊಲವೊಂದರಲ್ಲಿ ಕುರಿಗಾಹಿ ಮೈಲಪ್ಪ ರಾತ್ರಿ ಕುರಿ ನಿಲ್ಲಿಸಿದ್ದ. ತುಂಗಭದ್ರೆಯ ಮೇಲೆ ಮಂಜು. ಮಂಜಿನೊಳಗೆ ಮಲಗಿದ ಕುರಿಗಳ ಉಸಿರು. ಇಷ್ಟೊಂದು ಮೈಗಳೊಳಗೆ ಎಷ್ಟೊಂದು ಸುದ್ದಿ ಓಡಾಡುತ್ತಿರಬಹುದು, ಒಂದಿಷ್ಟೂ ಸದ್ದಿಲ್ಲದೆ! ಶ್ರುತಿಯ ಜೊತೆ ಬಂದ ಕೆಲಸ ಮರೆತು ನೋಡುತ್ತ ನಿಂತೆ.

“ಕೊಡಾಕ ಬರಂಗಿಲ್ರೀ ಸರ,” ಎಂದ ಮೈಲಪ್ಪ. “ಕುರಿ ನಂದು ಖರೆ. ಆದ್ರ ಇಲ್ಲಿ ನಿಂತಾಗ ಹಿಕ್ಕಿ, ಉಚ್ಚಿ ಎಲ್ಲಾ ಈ ಹೊಲದ್ದು. ಗೊಬ್ಬರ ಆಕ್ಕತಿ ಅಂತ ಹೊಲದ ಗೌಡ್ರು ನಂಗ ಜೋಳ ಕೊಟ್ಟಾರ.”

“ಒಂದೇ ಒಂದು ಲೋಟ, ಮೈಲಪ್ಪ.”

“ಒಂದ್ ಲೋಟಾದ್ರೂ ಅವರದ ಅಲ್ಲೇನ್ರಿ?”

ಗೌಡರ ಫೋನು ಸ್ವಿಚ್ ಆಫ್. ಅಷ್ಟರಲ್ಲಿ ಕುರಿಗಳು ಒಂದೊಂದಾಗಿ ಎದ್ದು, ಮೈ ಕೊಡವಿ, ನಿಂತಲ್ಲೇ ಹೊಯ್ಯತೊಡಗಿದವು. ಶ್ರುತಿಯ ಕಣ್ಣಲ್ಲಿ ನೀರು. “ಅವನು ಆ ಕಡೆ ತಿರುಗಿದಾಗ ಹಿಡಿದುಬಿಡೋಣ,” ಎಂದು ಪಿಸುಗುಟ್ಟಿದೆ. ಹೊಲಕ್ಕೇನು ಗೊತ್ತಾಗುತ್ತದೆ?

ಮೈಲಪ್ಪ ಕೇಳಿಸಿಕೊಂಡನೋ ಇಲ್ಲವೋ. ಇನ್ನೂ ನಿದ್ದೆಯಲ್ಲಿದ್ದ ಕುರಿಯೊಂದನ್ನು ಮೆಲ್ಲಗೆ ಎರಡೂ ತೋಳಲ್ಲಿ ಎತ್ತಿಕೊಂಡ. ಮಂಜಿನಲ್ಲಿ ನಡೆದು, ಬದು ದಾಟಿ, ಬಂಡಿದಾರಿಯಲ್ಲಿ ಇಳಿಸಿದ.

“ಹೊಲದಿಂದ ಹೊರಗ ಬಂತು. ಈಗ ನಂದು. ಲೋಟ ಹಿಡೀರಿ ಸರ, ಲಗೂನ.”

ಕುರಿ ಆಕಳಿಸಿತು. ಹೊಯ್ಯಿತು. ಲೋಟದಿಂದೆದ್ದ ಆವಿ ಮಂಜಿನಲ್ಲಿ ಬೆರೆಯಿತು. ಶ್ರುತಿ ಅಳುತ್ತಲೇ ನಗುತ್ತ ಅದನ್ನು ಐಸ್ ಡಬ್ಬಿಗೆ ಸೇರಿಸಿದಳು.

ಹಡಗಲಿಯ ದಾರಿಯಲ್ಲಿ ಲೆಕ್ಕ ಹಾಕಿದೆ. ಒಂದು ಲೋಟ ಕದ್ದಿದ್ದರೆ ಹೊಲಕ್ಕೆ ಏನೂ ಆಗುತ್ತಿರಲಿಲ್ಲ, ನಿಜ. ಮೈಲಪ್ಪನ ಮನಸ್ಸಿಗೆ ಆಗುತ್ತಿತ್ತು.

ಕದಿಯೋಣವೆಂದು ಪಿಸುಗುಟ್ಟುವಾಗ ನನಗೇಕೆ ಏನೂ ಆಗಲಿಲ್ಲ?